ವುಡ್‌ಕಾಕ್ ಕಾಡಿನಲ್ಲಿ ನಾಯಿ ಕೊರಳಿಗೆ ಏನು ಕಟ್ಟಬೇಕು: ಬೀಪರ್, ಜಿಪಿಎಸ್, ಗಂಟೆ

ವುಡ್‌ಕಾಕ್ ಎಂಬ ಉದ್ದ ಕೊಕ್ಕಿನ ಹಕ್ಕಿಯ ಬೇಟೆಗೆ ನಾಯಿಯ ಜೊತೆ ಹೋಗುವವನು ನಾನು. ಪೊದೆಯಲ್ಲಿ ನಾಯಿ ಎಲ್ಲಿದೆ ಎಂದು ತಿಳಿಯಲು ಕೊರಳಿಗೆ ಮೂರನ್ನೂ ಕಟ್ಟಿ ನೋಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು 28 ಡಾಲರಿನ ಹಿತ್ತಾಳೆ ಗಂಟೆ. ಅದಕ್ಕೂ ಮುಂಚೆ 160 ಕೊಟ್ಟು ಬೀಪ್ ಬೀಪ್ ಎನ್ನುವ ಕಾಲರ್, ಅಂದರೆ ಬೀಪರ್, ತಂದಿದ್ದೆ, ಆಮೇಲೆ 800ರ ಹತ್ತಿರ ಸುರಿದು ಜಿಪಿಎಸ್ ಕಾಲರ್. ಎಲ್ಲಕ್ಕಿಂತ ಅಗ್ಗದ್ದನ್ನು ಎಲ್ಲಕ್ಕಿಂತ ಕೊನೆಗೆ ಕೊಂಡವನ ಬುದ್ಧಿವಂತಿಕೆಯ ಬಗ್ಗೆ ಮನೆಯಲ್ಲಿ ಸಾಕಷ್ಟು ಚರ್ಚೆ ಆಗಿದೆ, ಇಲ್ಲಿ ಬೇಡ.

ನಾನಿರುವುದು ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ. ಊರು ಕೊಡಗು. ಆಯುಧಗಳಿಗೆ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬದ ದಿನ ಮನೆಯ ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಕೈಮುಗಿದಿದ್ದೇನೆ, ಅಷ್ಟೇ. ನಾನು ಹುಟ್ಟುವ ಹೊತ್ತಿಗೆ 1972ರ ವನ್ಯಜೀವಿ ಕಾಯ್ದೆ ಬಂದು, ಅಜ್ಜನ ಬೇಟೆಯೆಲ್ಲ ಬರೀ ಕಥೆಯಾಗಿತ್ತು. ನಮ್ಮ ಬೆಟ್ಟಗಳಿಗೂ ಚಳಿಗಾಲದಲ್ಲಿ ಇದೇ ಹಕ್ಕಿಯ ಯುರೇಷ್ಯಾದ ದಾಯಾದಿ ಬಂದು ಹೋಗುತ್ತದೆ ಎಂಬುದು ನನಗೆ ಗೊತ್ತಾದದ್ದೇ ಇಲ್ಲಿಗೆ ಬಂದ ಮೇಲೆ. ಇಲ್ಲಿನದು ಉತ್ತರದಲ್ಲಿ ನೆಲ ಹೆಪ್ಪುಗಟ್ಟಿ ಎರೆಹುಳು ಸಿಗದಾದಾಗ ದಕ್ಷಿಣಕ್ಕೆ ಇಳಿಯುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ಸೀಸನ್ ಡಿಸೆಂಬರ್ 18ರಿಂದ ಜನವರಿ 31ರವರೆಗೆ, 45 ದಿನ. ದಿನಕ್ಕೆ ತಲಾ ಮೂರೇ ಹಕ್ಕಿ.

ನನ್ನ ನಾಯಿ ಕೆಂಚಿ, ಬ್ರಿಟನಿ ತಳಿ. ಬಿಳಿ ಮೈ ಮೇಲೆ ಕೆಂಚು ಮಚ್ಚೆ, ಹಾಗಾಗಿ ಆ ಹೆಸರು. ನಾವು ಹೆಚ್ಚಾಗಿ ಹೋಗುವುದು ಅಚಾಫಲಾಯಾ ನದಿ ಬಯಲಿನ ಶೆರ್ಬರ್ನ್ ಕಾಡಿಗೆ. ಕಾಡು ಎಂದರೆ ನೆಟ್ಟಗಿನ ಮರಗಳ ತೋಪು ಅಂದುಕೊಳ್ಳಬೇಡಿ. ವುಡ್‌ಕಾಕ್ ಕೂರುವುದು ಅದರ ಅತಿ ಕೆಟ್ಟ ಮೂಲೆಯಲ್ಲೇ: ಎದೆಯೆತ್ತರದ ಸಣ್ಣ ಬಿದಿರು, ಬ್ಲ್ಯಾಕ್‌ಬೆರಿ ಮುಳ್ಳು, ಬಟ್ಟೆ ಹರಿಯುವ ಹಂಬು, ಕೆಳಗೆ ಕಪ್ಪು ಕೆಸರು. ಹಕ್ಕಿಯ ವಾಸನೆ ಸಿಕ್ಕ ಕೂಡಲೇ ನಾಯಿ ಕಲ್ಲಾಗಿ ನಿಲ್ಲುತ್ತದೆ, ಅದೇ ಪಾಯಿಂಟ್. ಹಾಗೆ ನಿಂತ ನಾಯಿ ಹತ್ತು ಅಡಿ ದೂರದಲ್ಲಿದ್ದರೂ ಕಾಣುವುದಿಲ್ಲ. ಕೊರಳಿಗೆ ಏನಾದರೂ ಕಟ್ಟಲೇಬೇಕಾಗಿರುವುದು ಅದಕ್ಕೇ.

ಬೀಪರಿನ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ. ನಾಯಿ ಓಡುವಾಗ ಒಂದು ಲಯ, ನಿಂತಾಗ ಇನ್ನೊಂದು. ಕೆಲಸವೇನೋ ಸರಿಯಾಗಿಯೇ ಮಾಡುತ್ತದೆ. ಆದರೆ ಇಬ್ಬನಿ ಹನಿಯುವ ಕಾಡಿಗೆ ಬೆಳಗಿನ ಜಾವ ಎದ್ದು ಹೋಗಿ, ಮಲ್ಲೇಶ್ವರದ ಗಲ್ಲಿಯಲ್ಲಿ ಯಾರೋ ಟೆಂಪೋ ರಿವರ್ಸ್ ತೆಗೆಯುವ ಸದ್ದು ಕೇಳಬೇಕೆಂದರೆ! ಎರಡು ವಾರ ಸಹಿಸಿದೆ.

ಜಿಪಿಎಸ್ ಮೇಲೆ ನನಗೆ ನಿಜಕ್ಕೂ ಆಸೆಯಿತ್ತು. ನಾನೂ ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನೇ. ನಾಯಿಯ ಕೊರಳಲ್ಲಿ ಕಾಲರ್, ನನ್ನ ಕೈಯಲ್ಲಿ ಒಂದು ಪರದೆ, ಅದರ ಮೇಲೆ ಕೆಂಚಿ ಎಷ್ಟು ದೂರ, ಯಾವ ದಿಕ್ಕು, ಎಲ್ಲ. ನಿಂತರೆ ಕೈಯೊಳಗೇ ಗುಂಯ್ ಎನ್ನುತ್ತದೆ. ಸದ್ದಿಲ್ಲ, ಗದ್ದಲವಿಲ್ಲ. ಇನ್ನೇನು ಬೇಕು?

ಇನ್ನೊಂದು ಕೈ ಬೇಕು. ಆ ಪೊದೆಯೊಳಗೆ ನುಗ್ಗುವಾಗ ಒಂದು ಕೈಯಲ್ಲಿ ಕೋವಿ, ಮತ್ತೊಂದು ಕೈ ಮುಖಕ್ಕೆ ಹೊಡೆಯುವ ಮುಳ್ಳನ್ನು ತಡೆಯಲು. ಪರದೆ ಹಿಡಿಯಲು ಮೂರನೆಯದೆಲ್ಲಿ? ಗುಂಯ್ ಎಂದಾಗಲೆಲ್ಲ ನಿಂತು, ಜೇಬಿನಿಂದ ತೆಗೆದು, ಕನ್ನಡಕದ ಮೇಲಿನ ಮಂಜು ಒರೆಸಿ ನೋಡಬೇಕು. ಬಾಣ ಎಡಕ್ಕೆ ತೋರಿಸುತ್ತದೆ, ನಾಲ್ಕು ಹೆಜ್ಜೆ ಇಟ್ಟರೆ ಬಲಕ್ಕೆ ತಿರುಗುತ್ತದೆ. ಬಯಲಲ್ಲಾದರೆ ಐದು ಮೀಟರಿನ ಆಚೀಚೆ ಲೆಕ್ಕಕ್ಕೇ ಬರುವುದಿಲ್ಲ. ಈ ಬಿದಿರಿನೊಳಗೆ ಐದು ಮೀಟರ್ ಎಂದರೆ ನಾಯಿ ಇರುವ ಪೊದೆಗೂ ಇಲ್ಲದ ಪೊದೆಗೂ ಇರುವ ವ್ಯತ್ಯಾಸ.

ಅದನ್ನೂ ಅಭ್ಯಾಸ ಮಾಡಿಕೊಳ್ಳುತ್ತಿದ್ದೆನೇನೋ. ತಲೆ ಕೆಡಿಸಿದ್ದು ಸುಳ್ಳು ಪಾಯಿಂಟುಗಳು. ಯಂತ್ರಕ್ಕೆ ನಿಂತ ನಾಯಿಯೆಲ್ಲ ಪಾಯಿಂಟ್ ಕೊಟ್ಟ ನಾಯಿಯೇ. ಕೆಂಚಿ ಹಳ್ಳದಲ್ಲಿ ನೀರು ಕುಡಿದರೂ ಗುಂಯ್, ಉಚ್ಚೆ ಹೊಯ್ಯಲು ಕೂತರೂ ಗುಂಯ್, ಹಂಬಿಗೆ ಕಾಲು ಸಿಕ್ಕಿಕೊಂಡರೂ ಗುಂಯ್. ಒಂದು ಬೆಳಿಗ್ಗೆ ಹನ್ನೊಂದು ಸಲ ಗುಂಯ್ ಅಂದಿತು. ಹಕ್ಕಿಯಿದ್ದದ್ದು ಎರಡಕ್ಕೆ. ಮಿಕ್ಕ ಒಂಬತ್ತು ಸಲವೂ ಎದೆ ಹೊಡೆದುಕೊಳ್ಳುತ್ತ, ಕೆನ್ನೆ ಗೀರಿಸಿಕೊಂಡು ನುಗ್ಗಿದ್ದೇನೆ. ಒಂದು ಸಲವಂತೂ ಅವಳು ಬಾಲ ಆಡಿಸುತ್ತ ಒಂದು ಆಮೆಯ ಚಿಪ್ಪನ್ನು ಮೂಸುತ್ತಿದ್ದಳು.

ಆ ಎರಡರಲ್ಲಿ ಒಂದು ಹಕ್ಕಿ ನಾನು ಪರದೆ ನೋಡುತ್ತಿರುವಾಗಲೇ ನನ್ನ ಬೂಟಿನ ಪಕ್ಕದಿಂದ ಎದ್ದಿತು. ವುಡ್‌ಕಾಕ್ ಏಳುವಾಗ ರೆಕ್ಕೆಯಂಚಿನ ಸಪೂರ ಗರಿಗಳಿಂದ ಕಿಲಕಿಲ ಸದ್ದು ಬರುತ್ತದೆ. ಅಷ್ಟು ಸಲ ಕೇಳಿದ್ದರೂ ಅವತ್ತು ಅದು ನನ್ನನ್ನು ನೋಡಿ ನಕ್ಕ ಹಾಗೇ ಕೇಳಿಸಿತು.

ಗಂಟೆಯ ಸಲಹೆ ಬಂದದ್ದು ನನ್ನ ಪಕ್ಕದ ಬೀದಿಯ ಕೇಜನ್, ಅಂದರೆ ಇಲ್ಲಿನ ಫ್ರೆಂಚ್ ಮೂಲದ, ಮುದುಕನಿಂದ. ವುಡ್‌ಕಾಕ್‌ಗೆ ಅವನು ಇವತ್ತಿಗೂ ಬೆಕಾಸ್ ಎನ್ನುತ್ತಾನೆ, ನನಗೆ ‘ಶಾ’ ಎನ್ನುತ್ತಾನೆ, ಇಲ್ಲಿನ ಫ್ರೆಂಚ್‌ನಲ್ಲಿ ಅದು ನಮ್ಮ ‘ಮರಿ’, ‘ಪುಟ್ಟ’ ಇದ್ದ ಹಾಗೆ. ನಾನು ಪಟ್ಟ ಪಾಡನ್ನೆಲ್ಲ ಹೇಳಿದ ಮೇಲೆ, “ಗಂಟೆ ಕಟ್ಟಿ ನೋಡು. ಅದು ಹೇಗೆ ನಿಂತಿತು ಅಂತ ಕೇಳಿಸ್ಕೋ, ಶಾ” ಅಂದ.

ಅಷ್ಟರಲ್ಲೇ ಎಲ್ಲ ಇತ್ತು. ಕೆಂಚಿ ಸುಮ್ಮನೆ ಓಡುವಾಗ ಗಂಟೆ ಒಂದೇ ಸಮ ಗಲಗಲ. ವಾಸನೆಯ ಎಳೆ ಸಿಕ್ಕಿತೋ, ಸದ್ದು ಬಿಡಿಬಿಡಿಯಾಗುತ್ತದೆ. ಆಮೇಲೆ ಒಂದೊಂದೇ ಹೆಜ್ಜೆಗೆ ಒಂದೊಂದೇ ಟಿಣ್. ಆಮೇಲೆ ಮೌನ. ಆ ಮೌನ ಬೀಳುವ ಹೊತ್ತಿಗೆ ನನ್ನ ಮುಖ ಆಗಲೇ ಆ ಕಡೆ ತಿರುಗಿರುತ್ತದೆ, ಕೋವಿ ಎರಡೂ ಕೈಯಲ್ಲಿರುತ್ತದೆ. ನೀರು ಕುಡಿಯಲು ನಿಂತಾಗ ಸದ್ದು ಹೀಗೆ ತೆಳುವಾಗುವುದಿಲ್ಲ, ಓಡಿ ಬಂದು ಪಟ್ಟನೆ ನಿಲ್ಲುತ್ತದೆ. ಚಿಕ್ಕವನಾಗಿದ್ದಾಗ ಸಂಜೆ ತೋಟದೊಳಗೆ ದನ ಹುಡುಕಲು ಕಳಿಸುತ್ತಿದ್ದರು. ಕೊರಳ ಗಂಟೆಯ ಸದ್ದಿನಲ್ಲೇ ಅದು ಮೇಯುತ್ತಿದೆಯೋ, ನಡೆಯುತ್ತಿದೆಯೋ, ಬೇಲಿ ಹಾರಲು ನೋಡುತ್ತಿದೆಯೋ ಗೊತ್ತಾಗುತ್ತಿತ್ತು. ಮೂವತ್ತು ವರ್ಷ ಕಿವಿ ಅದನ್ನು ಮರೆತಿರಲಿಲ್ಲ.

ಗಂಟೆಗೂ ಒಂದು ರೋಗವಿದೆ, ಮುಚ್ಚಿಡುವುದಿಲ್ಲ. ಇಲ್ಲಿನ ಕೆಸರು ಅಂಟುಮಣ್ಣು. ನಾಲಗೆಯ ಸುತ್ತ ಮೆತ್ತಿಕೊಂಡರೆ ಗಂಟೆ ಮೂಕ. ಮೊದಲ ದಿನ ಹೀಗಾದಾಗ ಅರ್ಧ ಗಂಟೆ ನಾನು ಮೌನವನ್ನು ಹುಡುಕುತ್ತಿದ್ದೆ, ಕೆಂಚಿ ನನ್ನ ಹಿಂದೆಯೇ ನಿಂತು ನಾಲಿಗೆ ಚಾಚಿಕೊಂಡು ನೋಡುತ್ತಿದ್ದಳು. ಈಗ ಬಾಯಿ ಅಗಲವಿರುವ ಗಂಟೆಗೆ ಬದಲಾಯಿಸಿದ್ದೇನೆ, ಜೇಬಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಇರುತ್ತದೆ.

ಬ್ಯಾಟರಿ ವಿಷಯ ಹೇಳಬೇಕೆ? ಗಂಟೆಗಿಲ್ಲ.

ಜೋರು ಗಾಳಿ ಬೀಸುವ ದಿನ ಗಂಟೆ ನೂರು ಹೆಜ್ಜೆಯಾಚೆ ಕೇಳಿಸದು. ಕೆಂಚಿ ಜಿಂಕೆಯ ಬೆನ್ನುಹತ್ತಿದ ಒಂದು ಸಂಜೆ ಬರೀ ಗಂಟೆ ಕಟ್ಟಿದ್ದೆ. ಅವಳು ಮರಳುವವರೆಗೆ, ನಲವತ್ತು ನಿಮಿಷ, ದೂರದ ಹೆದ್ದಾರಿಯ ಲಾರಿಗಳ ಸದ್ದೊಂದೇ ಕೇಳುತ್ತಿತ್ತು. ಅವತ್ತಿನಿಂದ ಜಿಪಿಎಸ್ ಕಾಲರನ್ನೂ ಗಂಟೆಯ ಜೊತೆಗೇ ಕಟ್ಟುತ್ತೇನೆ. ಪರದೆ ಮಾತ್ರ ಆಫ್ ಆಗಿ ಬೆನ್ನಿನ ಚೀಲದಲ್ಲಿ, ನೀರಿನ ಬಾಟಲಿಯ ಕೆಳಗೆ. 800 ಡಾಲರಿನ ವಿಮೆ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ.

ಇದೆಲ್ಲ ನನ್ನ ನಡಿಗೆಗೆ ಹೊಂದುವ ಲೆಕ್ಕ. ನಾನು ಒಬ್ಬನೇ ಹೋಗುವವನು, ನಿಧಾನ ನಡೆಯುವವನು, ನಾಯಿಯೂ ಒಂದೇ, ಅದೂ ಹತ್ತಿರವೇ ಸುತ್ತುವಂಥದ್ದು. ದೂರ ಓಡುವ ಪಾಯಿಂಟರ್ ತಳಿಯ ನಾಯಿ ಸಾಕಿದವರು, ಎರಡು ಮೂರು ನಾಯಿ ಒಟ್ಟಿಗೆ ಬಿಡುವವರು ಜಿಪಿಎಸ್‌ನಿಂದಲೇ ಶುರು ಮಾಡಿ. ಹತ್ತಿರದ ಬೇಟೆಗೆ, ಕೈಯಲ್ಲಿ ಕಾಸು ಕಡಿಮೆಯಿದ್ದರೆ, ಗಂಟೆ. ಉಳಿದ ದುಡ್ಡಿಗೆ ದಪ್ಪ ಬಟ್ಟೆಯ ಪ್ಯಾಂಟು ತಗೊಳ್ಳಿ, ತೊಡೆ ಉಳಿಯುತ್ತದೆ. ಊರಿಂದ ಬರುವವರ ಕೈಲಿ ಕಾಚಂಪುಳಿಯನ್ನೂ (ಕೊಡಗಿನ ಕಪ್ಪು ಹುಳಿರಸ) ತರಿಸಿಕೊಳ್ಳಿ: ಈ ಹಕ್ಕಿಯ ಎದೆಮಾಂಸ ಕಡು ಬಣ್ಣದ್ದು, ಕರಿಮೆಣಸು ಹಾಕಿ ಹುರಿದು ಕೊನೆಗೆ ಎರಡು ಹನಿ ಬಿಟ್ಟರೆ ಸಾಕು.

ಕಿವಿ ಮಂದವಾದವರಿಗೆ ಮಾತ್ರ ನಾನು ಬೀಪರ್ ಹೇಳುತ್ತೇನೆ. ನನ್ನದು ಗ್ಯಾರೇಜಿನಲ್ಲಿದೆ, ಎರಡೇ ವಾರ ಬಳಸಿದ್ದು, ಬ್ಯಾಟರಿ ಹೊಸದು. ಬೇಕಾದವರು 90 ಡಾಲರ್ ಕೊಟ್ಟು ಒಯ್ಯಬಹುದು. ಚೌಕಾಸಿ ಮಾಡುವುದಿದ್ದರೆ ನನ್ನ ಹೆಂಡತಿಯ ಹತ್ತಿರ ಮಾಡಿ, ಅವಳು ಬಿಟ್ಟಿಯಾಗಿಯೇ ಕೊಟ್ಟುಬಿಡುತ್ತಾಳೆ.