ಟೀಚರಜ್ಜಿ ಗಿಡ ಕೊಳ್ಳುತ್ತಿದ್ದ ನರ್ಸರಿ

ಹಾಸನದ ಹೊರಗೆ, ಬೇಲೂರು ರಸ್ತೆಯಲ್ಲಿರುವ ಸಣ್ಣ ನರ್ಸರಿ. ಬೋರ್ಡ್ ಕೂಡ ಇಲ್ಲ. ನಮ್ಮ ಪಕ್ಕದ ಮನೆ ಟೀಚರಜ್ಜಿ ಭಾನುವಾರ ಪೂಜೆ ಮುಗಿಸಿ, ಚರ್ಚಿನಿಂದ ಕೊಡೆ ಹಿಡಿದು ನೇರ ಇಲ್ಲಿಗೆ ಬರುತ್ತಿದ್ದರು. ಚರ್ಚಿನ ಅಂಗಳದ ಡೇರೆ, ಗುಲಾಬಿ ಎಲ್ಲ ಅವರು ನೆಟ್ಟಿದ್ದೇ. ವಾರಕ್ಕೆರಡು ದಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಗಂಜಿ ಹಂಚುವ ಕೆಲಸ ಬೇರೆ. ಹುಟ್ಟಿದ್ದು ಶೆಟ್ಟಿಹಳ್ಳಿ ಕಡೆ. ಹೇಮಾವತಿ ಹಿನ್ನೀರಲ್ಲಿ ಮುಳುಗುವ ಹಳೇ ಚರ್ಚಿನ ಸುದ್ದಿ ಬಂದರೆ ಮಾತು ನಿಲ್ಲುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಹೋಗಿಬಿಟ್ಟರು.

ನವೆಂಬರ್ 2, ಸತ್ತವರನ್ನು ನೆನೆಯುವ ದಿನ. ಸಮಾಧಿ ಹತ್ತಿರ ಇಡಲು ಸೇವಂತಿಗೆ ಬೇಕಿತ್ತು. ಪೂರ್ತಿ ಅರಳಿದ್ದನ್ನು ಎತ್ತಿಕೊಂಡೆ. ಮಾಲೀಕರು ತಡೆದರು. "ಅದು ಬೇಡ ಸಾರ್, ಮೊಗ್ಗಿರೋದು ತಗೊಳ್ಳಿ. ಟೀಚರಮ್ಮ ಬುಡದ ಮಣ್ಣು ಮುಟ್ಟಿ ನೋಡದೆ ದುಡ್ಡೇ ಕೊಡ್ತಿರಲಿಲ್ಲ." ಗಿಡಕ್ಕೆ 40 ರೂಪಾಯಿ. ಅಜ್ಜಿ 30ಕ್ಕೆ ಇಳಿಸುತ್ತಿದ್ದರಂತೆ. ನನಗೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಗುಲಾಬಿ ಮಾತ್ರ ಇಲ್ಲಿ ಕೊಳ್ಳಬೇಡಿ. ಕವರಿನಲ್ಲಿ ಬರೀ ಜೇಡಿಮಣ್ಣು, ನೀರು ಇಂಗುವುದೇ ಇಲ್ಲ. ನಾನು ತಂದಿದ್ದು ಒಣಗಿತು. ಕುಂಡಗಳೂ ದುಬಾರಿ. ಫೋನಿನಲ್ಲಿ ದುಡ್ಡು ಹಾಕಲು ಆಗಲ್ಲ, ಚಿಲ್ಲರೆ ಇಟ್ಟುಕೊಂಡು ಹೋಗಿ.

ಸೇವಂತಿಗೆ 3 ವಾರ ಅರಳಿತು. ಬಾಡಿದ ಹೂ ಕಿತ್ತು, ಈಗ ಕುಡಿ ಚಿವುಟಿದ್ದೇನೆ.