ದಣಿದ ಚರ್ಮಕ್ಕೆ ಅಶ್ವಗಂಧವೋ, ಒಂದೆಲಗವೋ?

ನಿದ್ದೆಗೆಟ್ಟು, ತಲೆ ತುಂಬಾ ಚಿಂತೆ ಹೊತ್ತ ವಾರದಲ್ಲಿ ಮುಖ ತೊಳೆದ ಕೂಡಲೇ ಕೆನ್ನೆ ಬಿಗಿಯುತ್ತದೆ. ಮೂಗಿನ ಪಕ್ಕ ಕೆಂಪಾಗಿ ಚುರುಚುರು ಅನ್ನುತ್ತದೆ. ಒತ್ತಡದಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಏರುತ್ತದೆ, ಚರ್ಮದ ಹೊರಪದರ ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆ.

ಇಂಥ ಚರ್ಮಕ್ಕೆ ನಾನು ಮೊದಲು ಹೇಳುವುದು ಒಂದೆಲಗ. ಕ್ರೀಮುಗಳ ಮೇಲೆ ಸೆಂಟೆಲ್ಲಾ, ಸಿಕಾ ಅಂತ ಬರೆದಿರುವುದು ಇದನ್ನೇ. ಇದರಲ್ಲಿರುವ ಮೆಡೆಕ್ಯಾಸೋಸೈಡ್, ಏಷಿಯಾಟಿಕೋಸೈಡ್ ಅನ್ನುವ ಅಂಶಗಳು ಉರಿ ತಗ್ಗಿಸಲು, ಗಾಯ ಮಾಯಲು ನೆರವಾಗುತ್ತವೆ. ಚರ್ಮಕ್ಕೆ ಹಚ್ಚಿಯೇ ನಡೆಸಿದ ಅಧ್ಯಯನಗಳೂ ಇವೆ. ನನಗೆ ಇದು ದೊಡ್ಡ ಮಾತು.

ಅಶ್ವಗಂಧ ಹಾಗಲ್ಲ. ಒತ್ತಡ ಇಳಿಸುತ್ತದೆ ಅನ್ನುವ ಅಧ್ಯಯನಗಳು ಬಹುಪಾಲು ಅದನ್ನು ಹೊಟ್ಟೆಗೆ ತೆಗೆದುಕೊಂಡವರ ಮೇಲೆ ನಡೆದವು. ಮುಖಕ್ಕೆ ಹಚ್ಚಿದರೂ ಅದೇ ಫಲ ಸಿಗುತ್ತದೆ ಅಂತ ನಂಬಿ ದುಡ್ಡು ಸುರಿಯಬೇಡಿ. ಉರಿ, ಕೆಂಪು ಏನೂ ಇಲ್ಲ, ಮುಖ ಸುಮ್ನೆ ಕಳೆಗುಂದಿದೆ ಅಂದರೆ ಆಂಟಿಆಕ್ಸಿಡೆಂಟ್ ಗುಣಕ್ಕಾಗಿ, ಅಂದರೆ ಜೀವಕೋಶಗಳನ್ನು ಹಾನಿಯಿಂದ ಕಾಯುವ ಗುಣಕ್ಕಾಗಿ, ಬಳಸಿ ನೋಡಬಹುದು.

ಯಾವುದನ್ನೇ ಕೊಂಡರೂ ಪರಿಮಳ ಸೇರಿಸದ್ದನ್ನು ಆರಿಸಿ. ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ. ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ತುರಿಕೆ ಬಂದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಅಲ್ವಾ?