ನೋ ಡಿಪ್ರೆಶನ್: ಎರಡು ಸಿಡಿಗಳ ಆವೃತ್ತಿ ಕೊಳ್ಳಬಹುದೇ?

ಇಲಿನಾಯ್ ರಾಜ್ಯದ ಬೆಲ್‌ವಿಲ್ ಊರಿನ ಅಂಕಲ್ ಟುಪೆಲೊ ರಾಕ್ ತಂಡದಲ್ಲಿ ಆಗ ಇದ್ದವರು ಮೂವರೇ: ಜೇ ಫರಾರ್, ಜೆಫ್ ಟ್ವೀಡಿ, ಡ್ರಮ್ಸ್‌ಗೆ ಮೈಕ್ ಹೈಡಾರ್ನ್. 1990ರ ಜನವರಿಯಲ್ಲಿ ಬಾಸ್ಟನ್ನಿನ ಫೋರ್ಟ್ ಅಪಾಚೆ ಸ್ಟುಡಿಯೋದಲ್ಲಿ ಸುಮಾರು 3,500 ಡಾಲರ್ ಖರ್ಚಿನಲ್ಲಿ ‘ನೋ ಡಿಪ್ರೆಶನ್’ ಎಂಬ ಈ ಮೊದಲ ಆಲ್ಬಮ್ ಮುಗಿಸಿದರು. ಷಾನ್ ಸ್ಲೇಡ್ ಮತ್ತು ಪಾಲ್ ಕೋಲ್ಡರಿ ನಿರ್ಮಾಪಕರು.

ಈ ತಂಡದ ಕಸುಬು ತಿಳಿಯಬೇಕಿದ್ದರೆ ‘ವಿಸ್ಕಿ ಬಾಟಲ್’ ಕೇಳಿ. ಚರಣದಲ್ಲಿ ಅಕೂಸ್ಟಿಕ್ ಗಿಟಾರ್, ಹಿಂದೆ ರಿಚ್ ಗಿಲ್ಬರ್ಟ್ ಅವರ ಪೆಡಲ್ ಸ್ಟೀಲ್, ಅಂದರೆ ಕಂಟ್ರಿ ಸಂಗೀತದ ಜಾರುನಾದದ ಗಿಟಾರ್. ಪಲ್ಲವಿಗೆ ಬಂದೊಡನೆ ಡಿಸ್ಟಾರ್ಷನ್, ಅಂದರೆ ಎಲೆಕ್ಟ್ರಿಕ್ ಗಿಟಾರಿನ ಒಡೆದ ಒರಟು ನಾದ, ಅಪ್ಪಳಿಸುತ್ತದೆ. ವಾಲ್ಯೂಮ್ ತೀರಾ ಕಡಿಮೆ ಇಟ್ಟರೆ ಈ ಏರಿಳಿತವೇ ಸಿಗುವುದಿಲ್ಲ. ಥಟ್ಟನೆ ನಿಂತು ಮತ್ತೆ ಹೊರಡುವ ತಂತ್ರ ಮಾತ್ರ ಅತಿಯಾಯಿತು. ಹದಿಮೂರು ಹಾಡು ಒಟ್ಟಿಗೆ ಕೇಳಿದರೆ ಸುಸ್ತು. ಶೀರ್ಷಿಕೆ ಗೀತೆ ಕಾರ್ಟರ್ ಫ್ಯಾಮಿಲಿ ಎಂಬ ಹಳೆಯ ಕಂಟ್ರಿ ತಂಡ ಹಾಡಿದ್ದು, ಅದನ್ನು ಸರಳವಾಗಿಯೇ ಬಿಟ್ಟದ್ದು ಜಾಣತನ.

ರಾಕ್‌ವಿಲ್ ಎಂಬ ಪುಟ್ಟ ಕಂಪನಿ ಹೊರತಂದ ಈ ಆಲ್ಬಮ್ಮಿನ ಹೆಸರನ್ನೇ 1995ರಲ್ಲಿ ಆಲ್ಟರ್ನೇಟಿವ್ ಕಂಟ್ರಿಯ, ಅಂದರೆ ರಾಕ್ ಮತ್ತು ಪಂಕ್ ಬೆರೆತ ಕಂಟ್ರಿ ಸಂಗೀತದ, ಪತ್ರಿಕೆಯೊಂದು ಇಟ್ಟುಕೊಂಡಿತು.

2014ರ ಆವೃತ್ತಿಯ ಎರಡನೆಯ ಡಿಸ್ಕಿನಲ್ಲಿ 1989ರ ಡೆಮೊಗಳು, ಅಂದರೆ ಆಲ್ಬಮ್ಮಿಗೆ ಮುಂಚಿನ ಕರಡು ಧ್ವನಿಮುದ್ರಣಗಳು, ಇವೆ. ಹಾಡು ಸ್ಟುಡಿಯೋಗೆ ಹೋಗಿ ಏನಾಯಿತು ಎಂದು ಹೋಲಿಸುವವರಿಗೆ ಅದು ಬೇಕೇ ಬೇಕು. ಉಳಿದವರಿಗೆ 2003ರ ಒಂಟಿ ಸಿಡಿ ಸಾಕು.